ವಿವಾಹಾಧಾರಿತ ಪ್ರವೇಶ ವೀಸಾ (ಭಾರತ)

ವಿವಾಹಾಧಾರಿತ ಪ್ರವೇಶ ವೀಸಾ ಎಂಬುದು ಭಾರತೀಯ ಪ್ರಜೆಯನ್ನು, ಭಾರತೀಯ ಮೂಲದ ವ್ಯಕ್ತಿಯನ್ನು ಅಥವಾ ಸಾಗರೋತ್ತರ ಭಾರತೀಯ ನಾಗರಿಕ (ಒಸಿಐ) ಕಾರ್ಡುದಾರರನ್ನು ಮದುವೆಯಾಗಿರುವ ವಿದೇಶಿ ಪ್ರಜೆಗೆ ಭಾರತದಲ್ಲಿ ದೀರ್ಘಕಾಲ ವಾಸಿಸಲು ನೀಡಲಾಗುವ ಅನುಮತಿಯಾಗಿದೆ. ಇದು ಎಕ್ಸ್ ವೀಸಾ ಎಂದು ಕರೆಯಲಾಗುವ ಪ್ರವೇಶ ವೀಸಾದ ಒಂದು ಬಗೆ. ಪತಿ, ಪತ್ನಿ ಮತ್ತು ಮಕ್ಕಳಿಗೆ ಸಂಬಂಧಿಸಿದ ಉಪವರ್ಗವನ್ನು ಎಕ್ಸ್-2 ಎಂದು ಗುರುತಿಸಲಾಗುತ್ತದೆ. ಭಾರತದಲ್ಲಿ ನಿವೃತ್ತರಿಗೆಂದೇ ಮೀಸಲಾದ ವೀಸಾ ಇಲ್ಲ. ಆದ್ದರಿಂದ ವೃತ್ತಿಯಿಂದ ನಿವೃತ್ತರಾದ ವಿದೇಶಿಯರು ತಮ್ಮ ಭಾರತೀಯ ಸಂಗಾತಿಯ ಊರಿನಲ್ಲಿ ನೆಲೆಸಲು ಬಯಸಿದರೆ ಸಾಮಾನ್ಯವಾಗಿ ಈ ವೀಸಾವನ್ನು ಅಥವಾ ಒಸಿಐ ಕಾರ್ಡನ್ನು ಅವಲಂಬಿಸುತ್ತಾರೆ. ವೀಸಾದ ಅವಧಿ ಮುಗಿಯುವ ಮುನ್ನ ಅದನ್ನು ಭಾರತದೊಳಗಿನಿಂದಲೇ ವಿಸ್ತರಿಸಿಕೊಳ್ಳಲು ಅವಕಾಶವಿದೆ. ಪ್ರತಿ ನವೀಕರಣದಲ್ಲಿಯೂ ಮದುವೆ ಊರ್ಜಿತದಲ್ಲಿದೆ ಎಂಬುದನ್ನು ದಾಖಲೆಗಳ ಮೂಲಕ ಸಿದ್ಧಪಡಿಸಬೇಕಾಗುತ್ತದೆ. ಈ ಲೇಖನವು ನವೀಕರಣದ ಕಾನೂನು, ವಿಧಾನ ಮತ್ತು ತೊಡಕುಗಳನ್ನು ಕರ್ನಾಟಕದ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಸಂದರ್ಭದಲ್ಲಿ ವಿವರಿಸುತ್ತದೆ.

## ಹಿನ್ನೆಲೆ

ಭಾರತದಲ್ಲಿ ವಿದೇಶಿಯರ ಪ್ರವೇಶ ಮತ್ತು ವಾಸವನ್ನು ದೀರ್ಘಕಾಲ ಬ್ರಿಟಿಷ್ ಆಳ್ವಿಕೆಯಲ್ಲಿ ರೂಪುಗೊಂಡ ಮೂರು ಕಾಯಿದೆಗಳು ನಿಯಂತ್ರಿಸುತ್ತಿದ್ದವು. ಅವು 1920ರ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯಿದೆ, 1939ರ ವಿದೇಶಿಯರ ನೋಂದಣಿ ಕಾಯಿದೆ ಮತ್ತು 1946ರ ವಿದೇಶಿಯರ ಕಾಯಿದೆ. ಈ ಮೂರರ ಜೊತೆಗೆ, ವಿಮಾನ ಹಾಗೂ ಹಡಗು ಸಂಸ್ಥೆಗಳ ಹೊಣೆಗಾರಿಕೆಯನ್ನು ಕುರಿತ 2000ನೇ ಇಸವಿಯ ಕಾಯಿದೆಯನ್ನೂ ರದ್ದುಪಡಿಸಿ ಸಂಸತ್ತು 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯಿದೆಯನ್ನು ಅಂಗೀಕರಿಸಿತು. ಹೊಸ ಕಾಯಿದೆಯು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು.

ಮದುವೆಯ ಆಧಾರದ ಮೇಲೆ ದೊರೆಯುವ ಸೌಲಭ್ಯಗಳು ಕ್ರಮೇಣ ವಿಸ್ತಾರಗೊಂಡವು. ಭಾರತೀಯ ಮೂಲದವರಿಗಾಗಿ 1999ರಲ್ಲಿ ಆರಂಭವಾದ ಪಿಐಒ ಕಾರ್ಡ್ ಯೋಜನೆಯು ಅವರ ಸಂಗಾತಿಗಳಿಗೂ ಅನ್ವಯಿಸುತ್ತಿತ್ತು. ಒಸಿಐ ಯೋಜನೆಯು 2005ರಲ್ಲಿ ರೂಪುಗೊಂಡಿತು. 2006ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದ ಸಂದರ್ಭದಲ್ಲಿ ಮೊದಲ ಕಾರ್ಡುಗಳನ್ನು ವಿತರಿಸಲಾಯಿತು. 2015ರ ಜನವರಿಯಲ್ಲಿ ಎರಡೂ ಯೋಜನೆಗಳನ್ನು ಒಂದುಗೂಡಿಸಲಾಯಿತು. ಅದೇ ವರ್ಷದ ಪೌರತ್ವ (ತಿದ್ದುಪಡಿ) ಕಾಯಿದೆಯು, ಭಾರತೀಯ ಪ್ರಜೆ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಮೂಲದ ಸಂಗಾತಿಗೆ ತನ್ನ ಮದುವೆಯ ಆಧಾರದ ಮೇಲೆಯೇ ಒಸಿಐ ಕಾರ್ಡ್ ಪಡೆಯುವ ಅವಕಾಶವನ್ನು ಕಲ್ಪಿಸಿತು.

## ನಿವೃತ್ತರ ಸ್ಥಿತಿ

ಥಾಯ್ಲೆಂಡ್, ಫಿಲಿಪ್ಪೀನ್ಸ್ ಮುಂತಾದ ದೇಶಗಳು ವಯಸ್ಸು ಮತ್ತು ಪಿಂಚಣಿಯ ಆಧಾರದ ಮೇಲೆ ವಿದೇಶಿ ನಿವೃತ್ತರಿಗೆ ವಾಸದ ಅನುಮತಿ ನೀಡುತ್ತವೆ. ಭಾರತದಲ್ಲಿ ಅಂತಹ ವರ್ಗವಿಲ್ಲ. ಪ್ರವಾಸಿ ವೀಸಾದ ಮೇಲೆ ಬಂದವರ ವಾಸಕ್ಕೆ ದಿನಗಳ ಮಿತಿಯಿರುತ್ತದೆ. ಬಹುಪ್ರವೇಶದ ವೀಸಾ ಹಲವು ವರ್ಷ ಊರ್ಜಿತವಾಗಿದ್ದರೂ ಅದರ ಮೇಲೆ ಸತತವಾಗಿ ಮನೆ ಮಾಡಿಕೊಂಡು ಇರಲಾಗುವುದಿಲ್ಲ. ಉದ್ಯೋಗ ವೀಸಾ ಮತ್ತು ವ್ಯವಹಾರ ವೀಸಾಗಳು ದುಡಿಯುವವರಿಗೆ ಸಂಬಂಧಿಸಿದವು. ಹೀಗಾಗಿ ಪಿಂಚಣಿಯ ಮೊತ್ತ ಎಷ್ಟೇ ಇದ್ದರೂ ಅದೊಂದೇ ಭಾರತದಲ್ಲಿ ನೆಲೆಸಲು ಆಧಾರವಾಗುವುದಿಲ್ಲ. ಕುಟುಂಬ ಸಂಬಂಧವೇ ಆಧಾರವಾಗುತ್ತದೆ.

ಈ ಸ್ಥಿತಿಯಲ್ಲಿರುವವರನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು, ಭಾರತೀಯ ಪೌರತ್ವವನ್ನು ಉಳಿಸಿಕೊಂಡೇ ವಿದೇಶದಲ್ಲಿ ದುಡಿದು ಹುಟ್ಟೂರಿಗೆ ಮರಳುವವರ ವಿದೇಶಿ ಪತಿ ಅಥವಾ ಪತ್ನಿ. ಎರಡನೆಯದು, ವಿದೇಶದ ಪೌರತ್ವ ಪಡೆದು ಒಸಿಐ ಕಾರ್ಡುದಾರರಾಗಿ ಮರಳುವ ಭಾರತೀಯ ಮೂಲದವರ ಸಂಗಾತಿ. ಮೂರನೆಯದು, ನಿವೃತ್ತಿಯ ನಂತರ ಭಾರತದಲ್ಲಿಯೇ ಭಾರತೀಯರನ್ನು ಮದುವೆಯಾದ ವಿದೇಶಿಯರು. ಮೂವರಿಗೂ ಅನ್ವಯಿಸುವ ಮುಖ್ಯ ನಿಯಮ ಒಂದೇ: ವೀಸಾ ವ್ಯಕ್ತಿಯ ವಯಸ್ಸಿಗೆ ಅಥವಾ ಹಣಕ್ಕೆ ಸಿಗುವುದಲ್ಲ, ಊರ್ಜಿತದಲ್ಲಿರುವ ಮದುವೆಗೆ ಸಿಗುತ್ತದೆ.

## ವಿವಾಹದ ಪುರಾವೆ

ವೀಸಾ ಮತ್ತು ಅದರ ನವೀಕರಣಕ್ಕೆ ಮೂಲಭೂತ ದಾಖಲೆ ವಿವಾಹ ನೋಂದಣಿ ಪ್ರಮಾಣಪತ್ರ. ಆಮಂತ್ರಣ ಪತ್ರಿಕೆ, ಛಾಯಾಚಿತ್ರ ಅಥವಾ ದೇವಸ್ಥಾನ, ಮಸೀದಿ, ಚರ್ಚುಗಳ ಚೀಟಿಗಳು ಪೂರಕ ಸಾಕ್ಷ್ಯಗಳಾಗಬಹುದೇ ಹೊರತು ನೋಂದಣಿಗೆ ಬದಲಿಯಾಗುವುದಿಲ್ಲ.

ಬೇರೆ ಬೇರೆ ಧರ್ಮಗಳಿಗೆ ಸೇರಿದವರು ಅಥವಾ ಧಾರ್ಮಿಕ ವಿಧಿ ಇಲ್ಲದೆ ಮದುವೆಯಾಗಲು ಬಯಸುವವರು ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯಿದೆಯನ್ನು ಅನುಸರಿಸುತ್ತಾರೆ. ಇದರಂತೆ ವಧು ಮತ್ತು ವರರಲ್ಲಿ ಕನಿಷ್ಠ ಒಬ್ಬರು ನೋಟಿಸ್ ನೀಡುವ ಮುನ್ನ ಆ ಜಿಲ್ಲೆಯಲ್ಲಿ 30 ದಿನಗಳಿಗೆ ಕಡಿಮೆಯಿಲ್ಲದಂತೆ ವಾಸವಾಗಿರಬೇಕು. ನೋಟಿಸ್ ಪ್ರಕಟವಾದ ಬಳಿಕ ಆಕ್ಷೇಪಣೆಗಾಗಿ 30 ದಿನಗಳ ಕಾಲಾವಕಾಶವಿದ್ದು, ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಿವಾಹ ನೆರವೇರುತ್ತದೆ. ಬೇರೆ ವಿಧಿಯಲ್ಲಿ ಈಗಾಗಲೇ ನಡೆದ ಮದುವೆಯನ್ನೂ ಈ ಕಾಯಿದೆಯಡಿ ನೋಂದಾಯಿಸಲು ಅವಕಾಶವಿದೆ. ವಿದೇಶಿ ಪ್ರಜೆಯು ತಾನು ಅವಿವಾಹಿತ, ವಿಚ್ಛೇದಿತ ಅಥವಾ ವಿಧುರ/ವಿಧವೆ ಎಂಬುದಕ್ಕೆ ತನ್ನ ದೇಶದ ದಾಖಲೆಯನ್ನು ಒದಗಿಸಬೇಕಾಗುತ್ತದೆ. ನಿವೃತ್ತಿಯ ವಯಸ್ಸಿನಲ್ಲಿ ಮರುಮದುವೆಯಾಗುವವರ ವಿಷಯದಲ್ಲಿ ಹಿಂದಿನ ವಿಚ್ಛೇದನದ ತೀರ್ಪು ಅಥವಾ ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರ ಅತ್ಯಗತ್ಯ.

ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯಿದೆ ಅನ್ವಯಿಸುತ್ತದೆ. ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದು ವಿದೇಶದಲ್ಲಿರುವ ಭಾರತೀಯ ದೂತಾವಾಸದಲ್ಲಿ ಮದುವೆಯಾದವರಿಗೆ 1969ರ ವಿದೇಶಿ ವಿವಾಹ ಕಾಯಿದೆಯಡಿ ಪ್ರಮಾಣಪತ್ರ ದೊರೆಯುತ್ತದೆ. ವಿದೇಶದ ಸ್ಥಳೀಯ ಕಾನೂನಿನಂತೆ ನಡೆದ ಮದುವೆಯ ಪ್ರಮಾಣಪತ್ರಕ್ಕೆ ಆ ದೇಶದ ಅಪೋಸ್ಟಿಲ್ ಮುದ್ರೆ ಪಡೆಯುವುದು ವಾಡಿಕೆ. 1961ರ ಹೇಗ್ ಅಪೋಸ್ಟಿಲ್ ಒಪ್ಪಂದವು ಭಾರತಕ್ಕೆ 2005ರ ಜುಲೈನಿಂದ ಅನ್ವಯಿಸುತ್ತಿದೆ. ಈ ಮುದ್ರೆಯನ್ನು ದಾಖಲೆ ನೀಡಿದ ದೇಶವೇ ಹಾಕಬೇಕಾಗಿರುವುದರಿಂದ, ಊರಿಗೆ ಮರಳುವ ಮುನ್ನವೇ ಅದನ್ನು ಪಡೆದುಕೊಳ್ಳುವುದು ಅನುಕೂಲ.

ಕರ್ನಾಟಕದಲ್ಲಿ ವಿವಾಹಗಳ ನೋಂದಣಿಗೆ 1976ರ ರಾಜ್ಯ ಕಾಯಿದೆಯೂ ಇದೆ. ಎಲ್ಲ ಧರ್ಮಗಳವರ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ನಿರ್ದೇಶಿಸಿತು. ಅದಕ್ಕಿಂತ ಹಿಂದೆ ಮದುವೆಯಾದ ಅನೇಕ ದಂಪತಿಗಳ ಬಳಿ ನೋಂದಣಿ ಪತ್ರವಿರುವುದಿಲ್ಲ. ಅಂಥವರು ವೀಸಾ ಅರ್ಜಿಗೆ ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ತಡವಾದ ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ. ಒಸಿಐ ಕಾರ್ಡಿಗೆ ಅರ್ಜಿ ಸಲ್ಲಿಸುವವರಿಗೆ ನೋಂದಣಿ ಇನ್ನೂ ಮುಖ್ಯ. ಕಾಯಿದೆಯು ನೋಂದಾಯಿತ ವಿವಾಹವನ್ನು ಮಾತ್ರ ಪರಿಗಣಿಸುತ್ತದೆ.

## ನೋಂದಣಿ

ಪ್ರವೇಶ ವೀಸಾವನ್ನು ಗರಿಷ್ಠ 5 ವರ್ಷಗಳ ಅವಧಿಗೆ, ಬಹುಪ್ರವೇಶದ ಸೌಲಭ್ಯದೊಂದಿಗೆ ನೀಡಬಹುದು. 180 ದಿನಗಳಿಗಿಂತ ಹೆಚ್ಚಿನ ಅವಧಿಯ ವೀಸಾದ ಮೇಲೆ ಬಂದು ದೀರ್ಘಕಾಲ ನೆಲೆಸುವ ವಿದೇಶಿಯರು ಭಾರತಕ್ಕೆ ಬಂದ 14 ದಿನಗಳೊಳಗೆ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ ಮುಂತಾದ ನಗರಗಳಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗಳಿವೆ (ಎಫ್‌ಆರ್‌ಆರ್‌ಒ). ಇವು ಕೇಂದ್ರ ಗೃಹ ಸಚಿವಾಲಯದ ವಲಸೆ ಬ್ಯೂರೋ ಅಧೀನದಲ್ಲಿ ಕಾರ್ಯ ನಿರ್ವಹಿಸುತ್ತವೆ. ಇಂತಹ ಕಚೇರಿ ಇಲ್ಲದ ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ ವಿದೇಶಿಯರ ನೋಂದಣಿ ಅಧಿಕಾರಿಗಳಾಗಿರುತ್ತಾರೆ (ಎಫ್‌ಆರ್‌ಒ).

ವಿದೇಶಿಯರಿಗೆ ವಸತಿ ನೀಡುವವರು, ಅದು ಹೋಟೆಲ್ ಆಗಿರಲಿ ಖಾಸಗಿ ಮನೆಯಾಗಿರಲಿ, ಅವರು ಬಂದ 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು. ಇದು ಸಿ ನಮೂನೆ ಎಂಬ ಹೆಸರಿನಿಂದ ಪರಿಚಿತವಾಗಿದೆ. ಸ್ವಂತ ಮನೆಗೆ ಬಂದ ಸೊಸೆ ಅಥವಾ ಅಳಿಯನ ಬಗ್ಗೆ ಪೊಲೀಸರಿಗೆ ತಿಳಿಸುವ ಅಗತ್ಯವಿಲ್ಲ ಎಂಬ ಭಾವನೆ ಗ್ರಾಮೀಣ ಭಾಗಗಳಲ್ಲಿ ಸಹಜವಾಗಿರುತ್ತದೆ. ಆದರೆ ನಿಯಮವು ನೆಂಟರಿಗೂ ಅನ್ವಯಿಸುತ್ತದೆ, ಮತ್ತು ನವೀಕರಣದ ಸಮಯದಲ್ಲಿ ಈ ದಾಖಲೆಯು ವಾಸಸ್ಥಳದ ಪುರಾವೆಯಾಗಿಯೂ ಒದಗುತ್ತದೆ.

## ನವೀಕರಣದ ವಿಧಾನ

ವೀಸಾ ವಿಸ್ತರಣೆ, ನೋಂದಣಿ, ವಿಳಾಸ ಬದಲಾವಣೆ, ಪಾಸ್‌ಪೋರ್ಟ್ ವಿವರಗಳ ಬದಲಾವಣೆ ಮತ್ತು ನಿರ್ಗಮನ ಪರವಾನಗಿಗಳಿಗೆ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಬಳಸಲಾಗುತ್ತದೆ. 2018ರಲ್ಲಿ ಮೊದಲು ಬೆಂಗಳೂರು, ಚೆನ್ನೈ, ದೆಹಲಿ ಮತ್ತು ಮುಂಬೈಗಳಲ್ಲಿ ಆರಂಭವಾದ ಈ ವ್ಯವಸ್ಥೆಯು ಅನಂತರ ದೇಶದ ಉಳಿದ ಭಾಗಗಳಿಗೂ ವಿಸ್ತರಿಸಿತು. ಅರ್ಜಿಯ ಮುಖ್ಯ ಹಂತಗಳು ಹೀಗಿವೆ:

1. ಇ-ಮೇಲ್ ವಿಳಾಸ ಮತ್ತು ಮೊಬೈಲ್ ಸಂಖ್ಯೆಯೊಂದಿಗೆ ಖಾತೆ ತೆರೆಯುವುದು.
2. ಪಾಸ್‌ಪೋರ್ಟ್, ವೀಸಾ, ವಾಸಸ್ಥಳ ಮತ್ತು ಸಂಗಾತಿಯ ವಿವರಗಳನ್ನು ತುಂಬುವುದು. ವಾಸದ ವಿಳಾಸದ ಆಧಾರದ ಮೇಲೆ ಅರ್ಜಿಯು ಸಂಬಂಧಪಟ್ಟ ಕಚೇರಿಗೆ ತಲುಪುತ್ತದೆ.
3. ದಾಖಲೆಗಳ ಪ್ರತಿಗಳನ್ನು ಅಪ್‌ಲೋಡ್ ಮಾಡುವುದು.
4. ಶುಲ್ಕವನ್ನು ಆನ್‌ಲೈನ್‌ನಲ್ಲಿ ಪಾವತಿಸುವುದು. ಶುಲ್ಕವು ಅರ್ಜಿದಾರರ ರಾಷ್ಟ್ರೀಯತೆ ಮತ್ತು ಕೋರಿದ ಅವಧಿಗೆ ತಕ್ಕಂತೆ ಬದಲಾಗುತ್ತದೆ.
5. ಕಚೇರಿಯು ಇ-ಮೇಲ್ ಮೂಲಕ ಕೇಳುವ ಹೆಚ್ಚುವರಿ ದಾಖಲೆ ಅಥವಾ ಸ್ಪಷ್ಟೀಕರಣಗಳಿಗೆ ಉತ್ತರಿಸುವುದು.
6. ಅಗತ್ಯವಿದ್ದರೆ ಸ್ಥಳೀಯ ಪೊಲೀಸರ ವಿಚಾರಣೆಗೆ ಹಾಜರಾಗುವುದು.
7. ಅನುಮೋದನೆಯ ನಂತರ ವಿಸ್ತರಣೆಯ ಪತ್ರ ಮತ್ತು ವಾಸದ ಪರವಾನಗಿಯನ್ನು ಇ-ಮೇಲ್ ಮೂಲಕ ಪಡೆದು ಮುದ್ರಿಸಿ ಇಟ್ಟುಕೊಳ್ಳುವುದು.

ಸಾಮಾನ್ಯವಾಗಿ ಕಚೇರಿಗೆ ಖುದ್ದಾಗಿ ಹೋಗುವ ಅಗತ್ಯ ಇರುವುದಿಲ್ಲ. ಅಧಿಕಾರಿ ಕರೆದಾಗ ಮಾತ್ರ ಹೋಗಬೇಕಾಗುತ್ತದೆ. ಅರ್ಜಿಯನ್ನು ವೀಸಾ ಊರ್ಜಿತವಾಗಿರುವಾಗಲೇ ಸಲ್ಲಿಸಬೇಕು. ವಿಸ್ತರಣೆಯ ಅವಧಿಯನ್ನು ನಿರ್ಧರಿಸುವ ಅಧಿಕಾರ ನೋಂದಣಿ ಕಚೇರಿಯದು. ಅರ್ಜಿದಾರರು ಕೋರಿದಷ್ಟೇ ಅವಧಿ ದೊರೆಯುತ್ತದೆ ಎಂಬ ಖಾತರಿಯಿಲ್ಲ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು ನಂತರ ವೀಸಾ ವಿಸ್ತರಣೆಗೆ ಮುಂದಾಗುವುದು ಸರಿಯಾದ ಕ್ರಮ.

### ಅಗತ್ಯ ದಾಖಲೆಗಳು

* ಊರ್ಜಿತ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ
* ಇತ್ತೀಚಿನ ಭಾವಚಿತ್ರ
* ಹಿಂದಿನ ನೋಂದಣಿ ಪತ್ರ ಅಥವಾ ವಾಸದ ಪರವಾನಗಿ
* ವಿವಾಹ ನೋಂದಣಿ ಪ್ರಮಾಣಪತ್ರ
* ಭಾರತೀಯ ಸಂಗಾತಿಯ ಪಾಸ್‌ಪೋರ್ಟ್ ಅಥವಾ ಇತರ ಗುರುತಿನ ದಾಖಲೆ. ಸಂಗಾತಿ ಒಸಿಐ ಕಾರ್ಡುದಾರರಾಗಿದ್ದರೆ ಆ ಕಾರ್ಡು
* ದಂಪತಿಗಳು ಒಟ್ಟಿಗೆ ವಾಸಿಸುತ್ತಿದ್ದಾರೆ ಎಂದು ತಿಳಿಸಿ ವಿಸ್ತರಣೆ ಕೋರುವ ಸಂಗಾತಿಯ ಪತ್ರ
* ವಾಸಸ್ಥಳದ ಪುರಾವೆ: ಸ್ವಂತ ಮನೆಯ ದಾಖಲೆ, ಬಾಡಿಗೆ ಕರಾರು, ವಿದ್ಯುತ್ ಬಿಲ್ ಅಥವಾ ಸಿ ನಮೂನೆ

ಕನ್ನಡ ಅಥವಾ ಉರ್ದುವಿನಲ್ಲಿರುವ ದಾಖಲೆಗಳ ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಇಟ್ಟುಕೊಳ್ಳುವುದು ಉಪಯುಕ್ತ.

## ರಾಯಚೂರು, ದೇವದುರ್ಗ ಮತ್ತು ಮಾನ್ವಿ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿದೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ದಡದಲ್ಲಿಯೂ ಮಾನ್ವಿ ತಾಲ್ಲೂಕು ತುಂಗಭದ್ರೆಯ ದಡದಲ್ಲಿಯೂ ಇವೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ ರಾಯಚೂರು ನಗರದಲ್ಲಿದ್ದು, ವಿದೇಶಿಯರ ನೋಂದಣಿಯ ಮಟ್ಟಿಗೆ ದೇವದುರ್ಗ ಮತ್ತು ಮಾನ್ವಿಯ ನಿವಾಸಿಗಳೂ ಇದೇ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ವಾಸಸ್ಥಳದ ವಿಚಾರಣೆಯನ್ನು ಸಾಮಾನ್ಯವಾಗಿ ಆಯಾ ಊರಿನ ಪೊಲೀಸ್ ಠಾಣೆ ನಡೆಸುತ್ತದೆ. ವಿವಾಹ ನೋಂದಣಿಯು ಉಪನೋಂದಣಾಧಿಕಾರಿಗಳ ಕೆಲಸವಾಗಿದ್ದು, ತಾಲ್ಲೂಕು ಕೇಂದ್ರಗಳಲ್ಲಿಯೇ ಈ ಕಚೇರಿಗಳಿವೆ. ಹೀಗೆ ಒಂದೇ ವೀಸಾದ ಹಿಂದೆ ಮೂರು ಕಚೇರಿಗಳ ಕಾಗದಗಳು ಇರುತ್ತವೆ: ಮದುವೆಗೆ ತಾಲ್ಲೂಕು ಕೇಂದ್ರ, ವಿಚಾರಣೆಗೆ ಠಾಣೆ, ನೋಂದಣಿಗೆ ಜಿಲ್ಲಾ ಕೇಂದ್ರ.

ಒಸಿಐ ಕಾರ್ಡಿಗೆ ಕರ್ನಾಟಕದಲ್ಲಿ ನೆಲೆಸಿರುವವರು ಬೆಂಗಳೂರಿನ ಪ್ರಾದೇಶಿಕ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಈ ಕಚೇರಿ ಬೆಂಗಳೂರಿನ ಶಾಂತಿನಗರದಲ್ಲಿದೆ. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್ ದೂರದಲ್ಲಿದ್ದರೆ ಹೈದರಾಬಾದ್ ಅದರ ಅರ್ಧದಷ್ಟು ದೂರದಲ್ಲಿದೆ. ಆದರೂ ವ್ಯಾಪ್ತಿಯು ರಾಜ್ಯದ ಗಡಿಯನ್ನು ಅನುಸರಿಸುವುದರಿಂದ ಹತ್ತಿರದ ಹೈದರಾಬಾದ್ ಕಚೇರಿಗೆ ಹೋಗುವಂತಿಲ್ಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್‌ವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಈ ಜಿಲ್ಲೆಯ ಜನರಿಗೆ ಚಿಕಿತ್ಸೆ ಮತ್ತು ವ್ಯಾಪಾರಕ್ಕೆ ಇಂದಿಗೂ ಹೈದರಾಬಾದ್ ಹತ್ತಿರದ ಮಹಾನಗರ; ಕಾಗದಪತ್ರಗಳಿಗೆ ಮಾತ್ರ ಬೆಂಗಳೂರು.

ವಿದೇಶಿ ದೂತಾವಾಸಗಳ ವ್ಯಾಪ್ತಿಯಲ್ಲಿಯೂ ಇಂತಹುದೇ ಸ್ಥಿತಿಯಿದೆ. ಉದಾಹರಣೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಹೈದರಾಬಾದ್ ದೂತಾವಾಸವು ತೆಲಂಗಾಣ, ಆಂಧ್ರಪ್ರದೇಶ ಮತ್ತು ಒಡಿಶಾಗಳಿಗೆ ಸಂಬಂಧಿಸಿದ್ದು, ಕರ್ನಾಟಕವು ದೀರ್ಘಕಾಲದಿಂದ ಚೆನ್ನೈ ದೂತಾವಾಸದ ವ್ಯಾಪ್ತಿಯಲ್ಲಿದೆ. ಜರ್ಮನಿ ಮತ್ತು ಫ್ರಾನ್ಸ್ ಬೆಂಗಳೂರಿನಲ್ಲಿ ದೂತಾವಾಸ ಹೊಂದಿವೆ. ಪಾಸ್‌ಪೋರ್ಟ್ ನವೀಕರಣಕ್ಕೆ ಪ್ರಯಾಣ ಮಾಡಬೇಕಾದಾಗ ರಾಯಚೂರು ನಗರದವರಿಗೆ ಮುಂಬೈ–ಚೆನ್ನೈ ರೈಲು ಮಾರ್ಗ ನೆರವಾಗುತ್ತದೆ. ದೇವದುರ್ಗಕ್ಕೆ ರೈಲು ಸಂಪರ್ಕವಿಲ್ಲ. ಅಲ್ಲಿಂದ ಮೊದಲು ಬಸ್ಸಿನಲ್ಲಿ ರಾಯಚೂರಿಗೆ ಬರಬೇಕು. ವಯಸ್ಸಾದವರಿಗೆ ಇಂತಹ ಒಂದೊಂದು ಪ್ರಯಾಣವೂ ಎರಡು ಮೂರು ದಿನಗಳ ಕೆಲಸವಾಗುತ್ತದೆ. ಪಾಸ್‌ಪೋರ್ಟ್ ಮತ್ತು ವೀಸಾಗಳ ಅವಧಿ ಒಂದರ ಬೆನ್ನಿಗೊಂದು ಮುಗಿಯುವಂತಿದ್ದರೆ ಮುಂಚಿತವಾಗಿ ಯೋಜಿಸುವುದು ಅನಿವಾರ್ಯ.

## ಸಾಮಾನ್ಯ ತೊಡಕುಗಳು

ಹೆಸರಿನ ವ್ಯತ್ಯಾಸವು ಹೆಚ್ಚಾಗಿ ಕಂಡುಬರುವ ತೊಡಕು. ಈ ಭಾಗದಲ್ಲಿ ಮನೆತನದ ಹೆಸರು, ತಂದೆಯ ಹೆಸರು ಮತ್ತು ಊರಿನ ಹೆಸರುಗಳನ್ನು ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ಕ್ರಮದಲ್ಲಿ ಬರೆಯುವ ರೂಢಿಯಿದೆ. ಶಾಲಾ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ವಿವಾಹ ಪ್ರಮಾಣಪತ್ರದಲ್ಲಿ ಮತ್ತೊಂದು ರೀತಿ ಇದ್ದಾಗ, ಮೂರೂ ಒಬ್ಬರದೇ ಎಂದು ತೋರಿಸಲು ಪ್ರಮಾಣಿತ ಹೇಳಿಕೆ ಬೇಕಾಗುತ್ತದೆ. ಮದುವೆಯ ನಂತರ ಹೆಸರು ಬದಲಿಸಿಕೊಂಡ ವಿದೇಶಿ ಪತ್ನಿಯರಿಗೂ ಇದು ಅನ್ವಯಿಸುತ್ತದೆ.

ಎರಡನೆಯದು, ಒಟ್ಟಿಗೆ ವಾಸಿಸುವುದರ ಪುರಾವೆ. ಮನೆ, ವಿದ್ಯುತ್ ಸಂಪರ್ಕ ಮತ್ತು ಬ್ಯಾಂಕ್ ಖಾತೆಗಳು ಹಿರಿಯರ ಹೆಸರಿನಲ್ಲಿರುವ ಅವಿಭಕ್ತ ಕುಟುಂಬಗಳಲ್ಲಿ ದಂಪತಿಗಳ ಹೆಸರಿನ ಯಾವ ಕಾಗದವೂ ಇಲ್ಲದಿರಬಹುದು. ಜಂಟಿ ಬ್ಯಾಂಕ್ ಖಾತೆ ಮತ್ತು ಸಕಾಲಿಕ ಸಿ ನಮೂನೆಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಮೂರನೆಯದು, ಡಿಜಿಟಲ್ ವ್ಯವಸ್ಥೆಯ ಬಳಕೆ. ಕಚೇರಿಯ ಪ್ರಶ್ನೆಗಳು ಇ-ಮೇಲ್ ಮೂಲಕವೇ ಬರುವುದರಿಂದ, ಅರ್ಜಿಯನ್ನು ಸೈಬರ್ ಕೇಂದ್ರದಲ್ಲಿ ಬೇರೆಯವರ ಇ-ಮೇಲ್ ವಿಳಾಸ ಬಳಸಿ ಸಲ್ಲಿಸಿದರೆ ಉತ್ತರಿಸುವ ಗಡುವು ತಿಳಿಯದೆಯೇ ಮೀರಬಹುದು.

## ಒಸಿಐ ಕಾರ್ಡ್

1955ರ ಪೌರತ್ವ ಕಾಯಿದೆಯ 7ಎ ಪ್ರಕರಣದಂತೆ, ಭಾರತೀಯ ಪ್ರಜೆ ಅಥವಾ ಒಸಿಐ ಕಾರ್ಡುದಾರರ ವಿದೇಶಿ ಮೂಲದ ಸಂಗಾತಿಯು ಒಸಿಐ ಕಾರ್ಡಿಗೆ ಅರ್ಜಿ ಸಲ್ಲಿಸಬಹುದು. ವಿವಾಹವು ನೋಂದಣಿಯಾಗಿರಬೇಕು ಮತ್ತು ಅರ್ಜಿಗೆ ಹಿಂದಿನ ಕನಿಷ್ಠ 2 ವರ್ಷ ನಿರಂತರವಾಗಿ ಊರ್ಜಿತದಲ್ಲಿರಬೇಕು. ಭದ್ರತಾ ಪರಿಶೀಲನೆ ಕಡ್ಡಾಯ. ಭಾರತದೊಳಗೆ ಅರ್ಜಿ ಸಲ್ಲಿಸುವ ಶುಲ್ಕ 15,000 ರೂಪಾಯಿ. ವಿದೇಶದಲ್ಲಿ 275 ಅಮೆರಿಕನ್ ಡಾಲರ್. ಪ್ರವಾಸಿ ವೀಸಾದ ಮೇಲೆ ಭಾರತದಲ್ಲಿರುವವರು ಇಲ್ಲಿಂದ ಅರ್ಜಿ ಸಲ್ಲಿಸುವಂತಿಲ್ಲ.

ಕಾರ್ಡು ದೊರೆತ ನಂತರ ವೀಸಾ ನವೀಕರಣ ಮತ್ತು ಪೊಲೀಸ್ ನೋಂದಣಿಯ ಅಗತ್ಯವಿರುವುದಿಲ್ಲ. ಎಷ್ಟು ಕಾಲ ಬೇಕಾದರೂ ವಾಸಿಸಬಹುದು. ಮತದಾನ, ಚುನಾವಣಾ ಸ್ಪರ್ಧೆ ಮತ್ತು ಸರ್ಕಾರಿ ಹುದ್ದೆಗಳ ಹಕ್ಕು ಇರುವುದಿಲ್ಲ. ಕೃಷಿ ಭೂಮಿ, ತೋಟ ಮತ್ತು ಫಾರ್ಮ್‌ಹೌಸ್‌ಗಳನ್ನು ಖರೀದಿಸುವಂತಿಲ್ಲವಾದರೂ ಉತ್ತರಾಧಿಕಾರದಿಂದ ಬಂದ ಸ್ಥಿರಾಸ್ತಿಯನ್ನು ಹೊಂದಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿರುವ ಮಾನ್ವಿ ಮತ್ತು ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗಗಳಲ್ಲಿ ಕುಟುಂಬದ ಮುಖ್ಯ ಆಸ್ತಿ ಹೊಲಗದ್ದೆಯೇ ಆಗಿರುವುದರಿಂದ ಈ ವ್ಯತ್ಯಾಸಕ್ಕೆ ಪ್ರಾಮುಖ್ಯವಿದೆ.

ಸಂಗಾತಿಯ ಆಧಾರದ ಮೇಲೆ ಪಡೆದ ಒಸಿಐ ಕಾರ್ಡು ಆಜೀವ ಸೌಲಭ್ಯವಾಗಿದ್ದರೂ ಮದುವೆಯ ನಂಟಿನಿಂದ ಬಿಡುಗಡೆ ಹೊಂದುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಸರಳಗೊಳಿಸಲಾದ ನಿಯಮಗಳಂತೆ, ಹೊಸ ಪಾಸ್‌ಪೋರ್ಟ್ ಪಡೆದ 3 ತಿಂಗಳೊಳಗೆ ಅದರ ಪ್ರತಿ ಹಾಗೂ ಭಾವಚಿತ್ರಗಳ ಜೊತೆಗೆ, ಮದುವೆ ಇನ್ನೂ ಊರ್ಜಿತದಲ್ಲಿದೆ ಎಂಬ ಘೋಷಣೆಯನ್ನೂ ಸಂಗಾತಿಯ ಪಾಸ್‌ಪೋರ್ಟ್ ಅಥವಾ ಒಸಿಐ ಕಾರ್ಡಿನ ಪ್ರತಿಯನ್ನೂ ಅಪ್‌ಲೋಡ್ ಮಾಡಬೇಕು.

## ವಿಚ್ಛೇದನ ಮತ್ತು ಸಂಗಾತಿಯ ಮರಣ

ವೀಸಾದ ಆಧಾರವೇ ಮದುವೆಯಾಗಿರುವುದರಿಂದ, ವಿಚ್ಛೇದನವಾದಾಗ ಮುಂದಿನ ವಿಸ್ತರಣೆಯ ಆಧಾರ ಇಲ್ಲವಾಗುತ್ತದೆ. ಒಸಿಐ ಕಾರ್ಡಿನ ವಿಷಯದಲ್ಲಿ ಕಾಯಿದೆಯ 7ಡಿ ಪ್ರಕರಣವು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ವಿವಾಹವು ನ್ಯಾಯಾಲಯದಿಂದ ಅಥವಾ ಅನ್ಯಥಾ ವಿಸರ್ಜನೆಯಾದರೆ, ಅಥವಾ ವಿವಾಹ ಊರ್ಜಿತದಲ್ಲಿರುವಾಗಲೇ ಬೇರೊಬ್ಬರನ್ನು ಮದುವೆಯಾದರೆ ನೋಂದಣಿಯನ್ನು ರದ್ದುಪಡಿಸಬಹುದು. ರದ್ದುಪಡಿಸುವ ಮುನ್ನ ಕಾರ್ಡುದಾರರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕು.

ಸಂಗಾತಿಯ ಮರಣವು ನಿವೃತ್ತರ ವಿಷಯದಲ್ಲಿ ಹೆಚ್ಚು ಸಂಭವನೀಯ ಸನ್ನಿವೇಶ. ವಿಸ್ತರಣೆಗಾಗಿ ಪ್ರತಿ ಸಲವೂ ಕೋರಿಕೆ ಪತ್ರ ಬರೆಯಬೇಕಾದ ವ್ಯಕ್ತಿಯೇ ಇಲ್ಲದಿರುವಾಗ, ವಿದೇಶಿ ಪತಿ ಅಥವಾ ಪತ್ನಿಯು ತಾನು ವರ್ಷಗಟ್ಟಲೆ ಬಾಳಿದ ಮನೆಯಲ್ಲಿ ಮುಂದುವರಿಯುವುದು ಅಧಿಕಾರಿಗಳ ತೀರ್ಮಾನಕ್ಕೆ ಬಿಟ್ಟ ವಿಷಯವಾಗುತ್ತದೆ. ಅಂತಹ ಸಂದರ್ಭದಲ್ಲಿ ಮರಣ ಪ್ರಮಾಣಪತ್ರ, ಉತ್ತರಾಧಿಕಾರದ ದಾಖಲೆ ಮತ್ತು ಭಾರತೀಯ ಮಕ್ಕಳಿದ್ದರೆ ಅವರ ವಿವರಗಳೊಂದಿಗೆ ನೋಂದಣಿ ಕಚೇರಿಗೆ ಬೇಗನೆ ತಿಳಿಸುವುದು ಅಗತ್ಯ. ಈ ಕಾರಣದಿಂದಲೇ, ಎರಡು ವರ್ಷಗಳ ಅರ್ಹತೆ ಪೂರೈಸಿದ ಕೂಡಲೇ ಇಬ್ಬರೂ ಇರುವಾಗಲೇ ಒಸಿಐ ಕಾರ್ಡಿಗೆ ಅರ್ಜಿ ಸಲ್ಲಿಸುವುದಕ್ಕೆ ಮಹತ್ವವಿದೆ. ಅರ್ಜಿಯ ಅರ್ಹತೆಯು ಊರ್ಜಿತದಲ್ಲಿರುವ ವಿವಾಹವನ್ನು ಅವಲಂಬಿಸಿದೆ.

## ಪೌರತ್ವ

ಭಾರತೀಯ ಪ್ರಜೆಯನ್ನು ಮದುವೆಯಾಗಿ, ಅರ್ಜಿಗೆ ಮೊದಲು 7 ವರ್ಷ ಭಾರತದಲ್ಲಿ ಸಾಮಾನ್ಯ ನಿವಾಸಿಯಾಗಿದ್ದವರು ಪೌರತ್ವ ಕಾಯಿದೆಯ 5(1)(ಸಿ) ಪ್ರಕರಣದಡಿ ನೋಂದಣಿಯ ಮೂಲಕ ಪೌರತ್ವ ಕೋರಬಹುದು. ಭಾರತವು ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಹಿಂದಿನ ಪೌರತ್ವವನ್ನು ತ್ಯಜಿಸಬೇಕಾಗುತ್ತದೆ. ಸ್ವದೇಶದ ಪಿಂಚಣಿ, ಆರೋಗ್ಯ ಸೇವೆ ಮತ್ತು ಮಕ್ಕಳನ್ನು ನೋಡಲು ಹೋಗುವ ಸ್ವಾತಂತ್ರ್ಯಗಳನ್ನು ಗಮನದಲ್ಲಿಟ್ಟು ಅನೇಕ ನಿವೃತ್ತರು ಪೌರತ್ವಕ್ಕಿಂತ ಒಸಿಐ ಕಾರ್ಡನ್ನು ಆಯ್ದುಕೊಳ್ಳುತ್ತಾರೆ.

## ನೆರೆಯ ದೇಶಗಳ ಪ್ರಜೆಗಳು

ನೇಪಾಳ ಮತ್ತು ಭೂತಾನ್ ಪ್ರಜೆಗಳಿಗೆ ಭಾರತದಲ್ಲಿ ವಾಸಿಸಲು ಸಾಮಾನ್ಯವಾಗಿ ವೀಸಾ ಬೇಕಿಲ್ಲ. ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳ ಪ್ರಜೆಗಳು, ಹಾಗೂ ಅವರ ತಂದೆತಾಯಿ, ಅಜ್ಜ-ಅಜ್ಜಿ ಅಥವಾ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಯಾರಾದರೂ ಆ ದೇಶಗಳ ಪ್ರಜೆಗಳಾಗಿದ್ದವರು ಒಸಿಐ ಕಾರ್ಡಿಗೆ ಅರ್ಹರಲ್ಲ. ಭಾರತೀಯರನ್ನು ಮದುವೆಯಾಗಿ ಇಲ್ಲಿಯೇ ನೆಲೆಸಿರುವ ಆ ದೇಶಗಳ ಮಹಿಳೆಯರಿಗೆ ದೀರ್ಘಾವಧಿ ವೀಸಾ ಎಂಬ ಪ್ರತ್ಯೇಕ ವರ್ಗವಿದೆ. 1948ರ ನಂತರ ಹಳೆಯ ಹೈದರಾಬಾದ್ ಸಂಸ್ಥಾನದ ಕೆಲವು ಕುಟುಂಬಗಳು ಪಾಕಿಸ್ತಾನಕ್ಕೆ ವಲಸೆ ಹೋದವು. ಗಡಿಯ ಎರಡೂ ಬದಿಯಲ್ಲಿ ಉಳಿದ ಬಂಧುಗಳ ನಡುವಣ ಮದುವೆಗಳಿಗೆ ಈ ವೀಸಾ ಸಂಬಂಧಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದುಪಡಿಸಿದಾಗ ದೀರ್ಘಾವಧಿ ವೀಸಾ ಹಾಗೂ ರಾಜತಾಂತ್ರಿಕ ವೀಸಾಗಳನ್ನು ಹೊರತುಪಡಿಸಲಾಗಿತ್ತು.

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕುಟುಂಬಗಳು ನೆಲೆಸಿವೆ. ಅವರ ವಿಷಯವು ಪೌರತ್ವಕ್ಕೆ ಸಂಬಂಧಿಸಿದ್ದು, 2019ರ ಪೌರತ್ವ (ತಿದ್ದುಪಡಿ) ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ವಿವಾಹಾಧಾರಿತ ವೀಸಾದೊಂದಿಗೆ ಅದನ್ನು ಬೆರೆಸಬಾರದು.

## ಆದಾಯ ಮತ್ತು ಗುರುತಿನ ದಾಖಲೆಗಳು

ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಕಾಲ ಭಾರತದಲ್ಲಿದ್ದವರು ಆದಾಯ ತೆರಿಗೆಯ ದೃಷ್ಟಿಯಿಂದ ನಿವಾಸಿಗಳಾಗುತ್ತಾರೆ. ಹೊಸದಾಗಿ ಬಂದು ನೆಲೆಸಿದವರಿಗೆ ಆರಂಭದ ಕೆಲವು ವರ್ಷ ವಿದೇಶಿ ಆದಾಯದ ಮೇಲೆ ವಿನಾಯಿತಿ ದೊರೆಯಬಹುದು. ಅನಂತರ ವಿದೇಶಿ ಪಿಂಚಣಿಯನ್ನೂ ಘೋಷಿಸಬೇಕಾಗುತ್ತದೆ. ಎರಡು ದೇಶಗಳ ನಡುವೆ ದ್ವಿತೆರಿಗೆ ತಡೆ ಒಪ್ಪಂದವಿದ್ದರೆ ಅದರ ನಿಯಮಗಳು ಅನ್ವಯಿಸುತ್ತವೆ. ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿದ್ದ ವಿದೇಶಿಯರು ಆಧಾರ್ ಪಡೆಯಬಹುದು. ಅದರ ಊರ್ಜಿತ ಅವಧಿಯು ವೀಸಾದ ಅವಧಿಯನ್ನು ಅನುಸರಿಸುತ್ತದೆ. ಒಸಿಐ ಕಾರ್ಡುದಾರರಿಗೆ 10 ವರ್ಷ. ಆದ್ದರಿಂದ ವೀಸಾ ನವೀಕರಣವಾದಾಗಲೆಲ್ಲ ಆಧಾರ್ ಮತ್ತು ಬ್ಯಾಂಕ್ ದಾಖಲೆಗಳನ್ನೂ ಪರಿಷ್ಕರಿಸಬೇಕಾಗುತ್ತದೆ.

## ಉಲ್ಲಂಘನೆ

2025ರ ಕಾಯಿದೆಯಂತೆ ವೀಸಾ ಅವಧಿ ಮೀರಿ ಭಾರತದಲ್ಲಿ ಉಳಿಯುವುದು 3 ವರ್ಷಗಳವರೆಗಿನ ಸೆರೆವಾಸ ಅಥವಾ 3 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದವರಿಗೆ 2ರಿಂದ 7 ವರ್ಷಗಳ ಸೆರೆವಾಸ ಮತ್ತು 1 ಲಕ್ಷದಿಂದ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅವಧಿ ಮೀರಿದವರು ದೇಶ ಬಿಡಲು ನಿರ್ಗಮನ ಪರವಾನಗಿ ಪಡೆಯಬೇಕಾಗುತ್ತದೆ.

## ಇತರ ದೇಶಗಳೊಂದಿಗೆ ಹೋಲಿಕೆ

ಥಾಯ್ಲೆಂಡಿನಲ್ಲಿ ಥಾಯ್ ಪ್ರಜೆಯನ್ನು ಮದುವೆಯಾದ ವಿದೇಶಿ ಪತಿಯು ವರ್ಷಕ್ಕೊಮ್ಮೆ ವಾಸದ ಅನುಮತಿಯನ್ನು ವಿಸ್ತರಿಸಿಕೊಳ್ಳಬೇಕು. ಅದಕ್ಕಾಗಿ ಬ್ಯಾಂಕಿನಲ್ಲಿ 4 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 40,000 ಬಾತ್ ಆದಾಯವನ್ನು ತೋರಿಸಬೇಕು. 50 ವರ್ಷ ಮೀರಿದ ನಿವೃತ್ತರ ವರ್ಗದಲ್ಲಿ ಈ ಮೊತ್ತ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್. ಇದರ ಜೊತೆಗೆ 90 ದಿನಗಳಿಗೊಮ್ಮೆ ವಿಳಾಸ ವರದಿ ಮಾಡಬೇಕು. ಫಿಲಿಪ್ಪೀನ್ಸ್‌ನಲ್ಲಿ ವಿವಾಹಾಧಾರಿತ ವೀಸಾ ಮೊದಲು 1 ವರ್ಷದ ಪರೀಕ್ಷಾ ಅವಧಿಗೆ ದೊರೆತು ಆನಂತರ ಕಾಯಂ ಆಗುತ್ತದೆ. ಅಮೆರಿಕದಲ್ಲಿ ಮದುವೆಯಾಗಿ 2 ವರ್ಷ ತುಂಬದವರಿಗೆ 2 ವರ್ಷದ ಷರತ್ತುಬದ್ಧ ಹಸಿರು ಕಾರ್ಡ್ ನೀಡಲಾಗುತ್ತದೆ. ಅದು ಮುಗಿಯುವ ಹಿಂದಿನ 90 ದಿನಗಳಲ್ಲಿ ಷರತ್ತು ತೆಗೆಯಲು ಅರ್ಜಿ ಸಲ್ಲಿಸಬೇಕು. ಇವುಗಳಿಗೆ ಹೋಲಿಸಿದರೆ ಭಾರತದ ವ್ಯವಸ್ಥೆಯು ಠೇವಣಿಯ ಮೊತ್ತಕ್ಕಿಂತ ವಿವಾಹದ ಊರ್ಜಿತತೆ, ಸಹವಾಸ ಮತ್ತು ಭದ್ರತಾ ಪರಿಶೀಲನೆಗಳಿಗೆ ಹೆಚ್ಚಿನ ಒತ್ತು ನೀಡುತ್ತದೆ.

## ಇವನ್ನೂ ನೋಡಿ

* ಸಾಗರೋತ್ತರ ಭಾರತೀಯ ನಾಗರಿಕತ್ವ
* ವಿಶೇಷ ವಿವಾಹ ಕಾಯಿದೆ, 1954
* ಭಾರತೀಯ ಪೌರತ್ವ ಕಾಯಿದೆ
* ರಾಯಚೂರು ಜಿಲ್ಲೆ